ಅಪ್‌ಡೇಟ್: ಜಪಾನಿನಲ್ಲಿ ಬೋಟ್ ಹತ್ತಿ, ಹಿಡಿದ ಮೀನನ್ನೇ ತಿಂದು ಬಂದೆವು

ಜಪಾನೀಸ್ ಬಾರದವರು ಸಮುದ್ರಕ್ಕೆ ಹೋಗಿ ಮೀನು ಹಿಡಿದು, ಅದನ್ನೇ ತಿನ್ನಬಹುದಾ ಅಂತ ಕೇಳಿದ್ದೆ. ಧಾರಾಳವಾಗಿ ತಿನ್ನಬಹುದು! ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ನಾವು ಹೋಗಿದ್ದು ಯೊಕೊಹಾಮಾದ ಕನಝಾವಾ-ಹಕ್ಕೇಯಿಗೆ. ಅರ್ಧ ದಿನದ ಬೋಟು, ಟೋಕಿಯೋ ಕೊಲ್ಲಿಯ ಆಜಿ (ಹಾರ್ಸ್ ಮ್ಯಾಕೆರೆಲ್) ಮೀನು. ಗಾಳ, ರೀಲು ಬಾಡಿಗೆಗೆ ಸಿಗುತ್ತವೆ. ಲೈಫ್ ಜಾಕೆಟ್ 2018ರಿಂದ ಕಡ್ಡಾಯ.

ಹಿಡಿಯುವ ರೀತಿ ಬಹಳ ಚೆನ್ನಾಗಿದೆ. ಭಾರ ಕಟ್ಟಿದ ಪುಟ್ಟ ಬುಟ್ಟಿಗೆ ಅರೆದ ಬೂತಾಯಿ (ಸಾರ್ಡೀನ್ ಮೀನು) ತುಂಬಬೇಕು. ಕೊಕ್ಕೆಗೆ ಕೆಂಪು ಬಣ್ಣ ಹಾಕಿದ ಬೊಂಡಾಸಿನ (ಸ್ಕ್ವಿಡ್) ಚಿಕ್ಕ ಚೂರು. ತಳ ಮುಟ್ಟಿದ ಮೇಲೆ ಸ್ವಲ್ಪ ಎತ್ತಿ, ಗಾಳವನ್ನು ಜಗ್ಗಿದರೆ ಬೂತಾಯಿ ನೀರಲ್ಲಿ ಹರಡುತ್ತದೆ. ಆಮೇಲೆ ಸುಮ್ನೆ ಕಾಯಬೇಕು. ಆಜಿಯ ಬಾಯಿ ತೀರಾ ಮೆದು, ಜೋರಾಗಿ ಎಳೆದರೆ ಹರಿದು ತಪ್ಪಿಸಿಕೊಳ್ಳುತ್ತದೆ. ನಮ್ಮ ಬಂಗುಡೆಯಷ್ಟೇ ಗಾತ್ರ, ಆದರೆ ಬಾಲದ ಕಡೆ ಗರಗಸದಂಥ ಗಟ್ಟಿ ಹುರುಪೆಯ ಸಾಲು. ಅದನ್ನು ಮೊದಲು ಕೆತ್ತಿ ತೆಗೆಯಬೇಕು.

ಹಿಡಿದ ಮೀನು ಅಡುಗೆ ಮಾಡಿಕೊಡುವ ಹೋಟೆಲಿಗೆ ಮೊದಲೇ ಹೇಳಿಟ್ಟಿದ್ದೆವು. ಸ್ವಲ್ಪ ಸಾಶಿಮಿ (ಹಸಿ ಮೀನಿನ ಹೋಳು), ಸ್ವಲ್ಪ ಫ್ರೈ, ಜೊತೆಗೆ ನಮೆರೋ. ನಮೆರೋ ಅಂದ್ರೆ ಹಸಿ ಆಜಿ, ಮಿಸೊ (ಹುದುಗಿಸಿದ ಸೋಯಾ ಪೇಸ್ಟ್), ಶುಂಠಿ, ಈರುಳ್ಳಿ ಸೊಪ್ಪು ಸೇರಿಸಿ ಕೊಚ್ಚಿದ್ದು. ನನಗೆ ಅದೇ ಜಾಸ್ತಿ ಇಷ್ಟವಾಯಿತು.

ಹಸಿ ಮೀನಿನ ಹುಳದ ಬಗ್ಗೆ ಕೇಳಿದ್ರಲ್ವಾ? ಅನಿಸಾಕಿಸ್ ಅನ್ನೋ ಆ ಹುಳ ನಿಜವಾದ ಅಪಾಯ. ವಿನೆಗರ್, ವಸಾಬಿಗೆ ಅದು ಸಾಯುವುದಿಲ್ಲ. ಹಿಡಿದ ಕೂಡಲೇ ಐಸಿನಲ್ಲಿಟ್ಟು, ಬೇಗ ಕರುಳು ತೆಗೆಯಬೇಕು. ಭಯವಿದ್ದವರು ಫ್ರೈ ಮಾಡಿಸಿಕೊಳ್ಳಿ, ಅದೂ ಅಷ್ಟೇ ರುಚಿ. ವಾಂತಿ ತಡೆಯುವ ಮಾತ್ರೆಯನ್ನು ಬೋಟ್ ಹೊರಡುವ ಮೊದಲೇ ನುಂಗಿ.