ಹೊರಗಿನಿಂದ ಬಂದವರು ಮೂರೇ ವರ್ಷಕ್ಕೆ ವಿರೋಧ ಪಕ್ಷದ ನಾಯಕ ಆಗಿದ್ದು ಹೇಗೆ?

ಗುಬ್ಬಿ ಹುಡುಗಿ:
ತುಮಕೂರಲ್ಲಿ ರಾಜ್ಯಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಮುಂದಿನ ವಾರ ಸೆಮಿನಾರ್ ಕೊಡಬೇಕು. ವಿರೋಧ ಪಕ್ಷದ ನಾಯಕರ ಬಗ್ಗೆ. ನಾನು ಸಿದ್ದರಾಮಯ್ಯನವರನ್ನು ಆರಿಸಿಕೊಂಡೆ. ಜೆಡಿಎಸ್‌ನಿಂದ ಹೊರಬಂದು ಅವರು ಕಾಂಗ್ರೆಸ್ ಸೇರಿದ್ದು 2006ರಲ್ಲಿ. 2009ಕ್ಕೆ ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕ! ಮೊದಲಿನಿಂದ ಆ ಪಕ್ಷದಲ್ಲೇ ಇದ್ದ ಹಿರಿಯರು ಬೇಕಾದಷ್ಟು ಜನ ಇದ್ದರು ಅಲ್ವಾ? ಅದೃಷ್ಟ ಅಂತ ಬರೆದರೆ ನಮ್ಮ ಮೇಡಂ ಒಪ್ಪುವುದಿಲ್ಲ.

ಹೈವೇ ಟೀ:
ತಂಗಿ, ಅದೃಷ್ಟ ಇರಲೇ ಇಲ್ಲ ಅನ್ನಬೇಡ. 2006ರ ಡಿಸೆಂಬರ್‌ನಲ್ಲಿ ಚಾಮುಂಡೇಶ್ವರಿ ಉಪಚುನಾವಣೆ ಗೆದ್ದಿದ್ದು ಬರೀ 257 ಮತದಿಂದ. ಒಂದೇ ಒಂದು ಬೂತ್ ಕೈಕೊಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಆಮೇಲೆ 2008ರಲ್ಲಿ ವರುಣಾದಿಂದ ಗೆದ್ದರು. ಸರ್ಕಾರ ಬಿಜೆಪಿಯದು. ವಿರೋಧ ಪಕ್ಷದ ನಾಯಕರಾಗಿದ್ದವರು ಮಲ್ಲಿಕಾರ್ಜುನ ಖರ್ಗೆ. ಅವರು 2009ರಲ್ಲಿ ಲೋಕಸಭೆಗೆ ಹೋದರು, ಕುರ್ಚಿ ಖಾಲಿ ಆಯಿತು. ಎದುರಿಗೆ ಮುಖ್ಯಮಂತ್ರಿಯಾಗಿ ಯಡಿಯೂರಪ್ಪ. ಅವರೂ ವಿರೋಧ ಪಕ್ಷದ ನಾಯಕರಾಗಿ ಪಳಗಿದವರೇ. ಅಂಥವರ ಮುಂದೆ ಎದ್ದು ನಿಂತು ಲೆಕ್ಕ ಕೇಳುವವರು ಬೇಕಿತ್ತು. ಸಿದ್ದರಾಮಯ್ಯ ಅಷ್ಟರಲ್ಲಿ ಹಣಕಾಸು ಸಚಿವರಾಗಿ ಏಳು ಬಜೆಟ್ ಮಂಡಿಸಿದ್ದರು. ಯಾವ ಇಲಾಖೆಯ ದುಡ್ಡು ಎಲ್ಲಿ ಹೋಗುತ್ತೆ ಅನ್ನೋದು ಬಾಯಿಪಾಠ. ಪಕ್ಷಕ್ಕೆ ಹೊಸಬರು ನಿಜ, ಸದನಕ್ಕೆ ಹೊಸಬರಲ್ಲ. ಅಲ್ಲಿಗೆ ಬಂದಿದ್ದು 1983ರಲ್ಲಿ. ನನ್ನ ಪ್ರಕಾರ ನಿನ್ನ ಪ್ರಶ್ನೆಗೆ ಉತ್ತರ ಇದೇ.

ಆದರೆ ಕುರ್ಚಿ ಸಿಗೋದು ಬೇರೆ, ಜನ ಒಪ್ಪೋದು ಬೇರೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. 2010ರಲ್ಲಿ ಅಕ್ರಮ ಗಣಿಗಾರಿಕೆ ವಿಷಯಕ್ಕೆ ಸದನದಲ್ಲಿ ದೊಡ್ಡ ಗಲಾಟೆ ಆಗಿ, ಬೆಂಗಳೂರಿಂದ ಬಳ್ಳಾರಿಗೆ ನಡೆದುಕೊಂಡೇ ಹೊರಟರಲ್ಲ, ಸುಮಾರು 320 ಕಿಲೋಮೀಟರ್. ಆಗ ನನಗೆ 19 ವರ್ಷ. ಶಿರಾ ದಾರೀಲಿ, ಕಳ್ಳಂಬೆಳ್ಳ ಹತ್ತಿರ ನಮ್ಮ ಚಿಕ್ಕಪ್ಪನ ಟೀ ಹೋಟೆಲ್. ಒಲೆ ಮುಂದೆ ನಾನು. ಸಣ್ಣಗೆ ಜಿಟಿಜಿಟಿ ಮಳೆ. ಜನ ಬರ್ತಾನೇ ಇದ್ದರು. ಲೋಟ ಸಾಲಲಿಲ್ಲ, ಹಾಲು ಖಾಲಿ. ಟಿವಿಎಸ್ ತಗೊಂಡು ಎರಡು ಸಲ ಡೇರಿಗೆ ಓಡಿದೆ.

ಗುಂಪಲ್ಲಿ ಒಬ್ಬ ಅಜ್ಜ ಬೆಂಚಿನ ಮೇಲೆ ಕೂತು ಕ್ಯಾನ್ವಾಸ್ ಬೂಟು ಬಿಚ್ಚಿದರು. ಅಂಗಾಲಿನ ತುಂಬ ಬೊಬ್ಬೆ. ಒಂದು ಒಡೆದು ಸಾಕ್ಸಿಗೆ ಅಂಟಿಕೊಂಡಿತ್ತು. ಚಿಕ್ಕಪ್ಪ ಬಕೆಟ್‌ನಲ್ಲಿ ಬಿಸಿನೀರಿಗೆ ಉಪ್ಪು ಹಾಕಿ ಇಟ್ಟರು. ಹತ್ತು ನಿಮಿಷ ಕಾಲು ಇಳಿಬಿಟ್ಟು ಕೂತರು. ಸಾಕು ಬಸ್ ಹತ್ತಿ ಯಜಮಾನ್ರೇ ಅಂದರೆ ಕೇಳಲಿಲ್ಲ. ಅದೇ ಸಾಕ್ಸು ಹಾಕಿಕೊಂಡು ಮತ್ತೆ ನಡೆದರು. ನಮ್ಮ ಚಿಕ್ಕಪ್ಪ ಕಾಂಗ್ರೆಸ್ಸಿಗೆ ವೋಟು ಹಾಕಿದವರೇ ಅಲ್ಲ. ಆದರೂ ಅವತ್ತು ಆ ಅಜ್ಜನ ಹತ್ತಿರ ದುಡ್ಡು ತಗೊಳ್ಳಲಿಲ್ಲ.

ತೆಂಗಿನ ತೋಟ:
ಒಂದು ಮಾತು ಸೇರಿಸಿಕೊಳ್ಳಿ. ಈ ಸ್ಥಾನ ಅಂದರೆ ಸುಮ್ನೆ ಗೌರವಕ್ಕೆ ಕರೆಯೋ ಹೆಸರಲ್ಲ. ವಿರೋಧ ಪಕ್ಷಗಳಲ್ಲಿ ದೊಡ್ಡದು ಯಾವುದೋ ಅದು ತನ್ನ ನಾಯಕನನ್ನು ಆರಿಸುತ್ತದೆ, ಸ್ಪೀಕರ್ ಮಾನ್ಯ ಮಾಡುತ್ತಾರೆ. ಸಂಪುಟ ದರ್ಜೆ ಇರುತ್ತದೆ. ಸ್ಪೀಕರ್ ಒಪ್ಪದಿದ್ದರೆ ಇಲ್ಲ. ಅದೇ ಖರ್ಗೆಯವರನ್ನೇ ನೋಡಿ. 2014ರಲ್ಲಿ ಲೋಕಸಭೆಯಲ್ಲಿ ಕಾಂಗ್ರೆಸ್ ನಾಯಕ ಅವರೇ. ಆದರೆ ಪಕ್ಷಕ್ಕೆ ಬಂದಿದ್ದು 44 ಸೀಟು, ಹತ್ತನೇ ಒಂದು ಪಾಲು ಅಂದರೆ 55 ಬೇಕಿತ್ತು. ಐದು ವರ್ಷ ಆ ಕೆಲಸವನ್ನೆಲ್ಲ ಮಾಡಿದರೂ ಸ್ಥಾನ ಸಿಗಲಿಲ್ಲ. ಕೊನೆಗೆ 2021ರಲ್ಲಿ ರಾಜ್ಯಸಭೆಯಲ್ಲಿ ಸಿಕ್ಕಿತು.

ಇನ್ನೊಂದು. ವಿರೋಧ ಪಕ್ಷದ ನಾಯಕ ಆದವರೇ ಮುಂದೆ ಮುಖ್ಯಮಂತ್ರಿ ಅಂತ ಬರೆಯಬೇಡಿ. 2013ರಲ್ಲಿ ಸಿದ್ದರಾಮಯ್ಯ ಮುಖ್ಯಮಂತ್ರಿ ಆದರು ನಿಜ, ಆದರೆ ಆಗ ಕೆಪಿಸಿಸಿ, ಅಂದರೆ ರಾಜ್ಯ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರಾಗಿದ್ದವರು ನಮ್ಮ ಜಿಲ್ಲೆಯ ಪರಮೇಶ್ವರ್. ಅವರು ಕೊರಟಗೆರೆಯಲ್ಲಿ ಗೆದ್ದಿದ್ದರೆ ಪೈಪೋಟಿ ಜೋರಾಗಿರುತ್ತಿತ್ತು. ನಾವು ಆ ರಾತ್ರಿ ಊಟ ಮಾಡಲಿಲ್ಲ.

ಹೈವೇ ಟೀ:
ಅದು ನಿಜ. ಸೋಲು ಸಿದ್ದರಾಮಯ್ಯನವರಿಗೂ ತಪ್ಪಿಲ್ಲ. 257 ಮತದಿಂದ ಕೈಹಿಡಿದ ಅದೇ ಚಾಮುಂಡೇಶ್ವರಿಯಲ್ಲಿ 2018ಕ್ಕೆ 36,042 ಮತದಿಂದ ಸೋತರು. ಬಾದಾಮಿಯಲ್ಲಿ 1,696ರಿಂದ ಗೆದ್ದಿದ್ದಕ್ಕೆ ಸದನಕ್ಕೆ ಬಂದರು. 2019ರಲ್ಲಿ ಮತ್ತೆ ವಿರೋಧ ಪಕ್ಷದ ನಾಯಕ. ಮುಖ್ಯಮಂತ್ರಿ ಆಗಿ ಇಳಿದವರು ತಿರುಗಿ ಬಂದು ಆ ಕಡೆ ಬೆಂಚಿನಲ್ಲಿ ಕೂತು ಕೆಲಸ ಮಾಡೋದಿದೆಯಲ್ಲ, ಸೆಮಿನಾರ್‌ನಲ್ಲಿ ಅದನ್ನು ಜಾಸ್ತಿ ಹೇಳು ತಂಗಿ.

ಗುಬ್ಬಿ ಹುಡುಗಿ:
ಬರೆದುಕೊಂಡೆ ಅಣ್ಣ, ಇಬ್ಬರಿಗೂ ಥ್ಯಾಂಕ್ಸ್. ನಿಮ್ಮ ಚಿಕ್ಕಪ್ಪ ಈಗಲೂ ಹೋಟೆಲ್ ನಡೆಸುತ್ತಾರಾ? ಅವರನ್ನು ಮಾತಾಡಿಸಬೇಕಿತ್ತು.

ಹೈವೇ ಟೀ:
ನಡೆಸ್ತಾರೆ. ಮಧ್ಯಾಹ್ನ ಮೂರರ ಮೇಲೆ ಬಾ, ಆಗ ಗಿರಾಕಿ ಕಮ್ಮಿ. ಸ್ವಲ್ಪ ಕಿವಿ ಮಂದ, ಜೋರಾಗಿ ಕೇಳು. ಬಕೆಟ್ ವಿಷಯ ಎತ್ತಿದರೆ ಅವರೇ ಪೂರ್ತಿ ಹೇಳ್ತಾರೆ.