ಮಂತ್ರಿಗಳಿಗೆ ಕೇಳುವ ಪ್ರಶ್ನೆಯನ್ನು ಬರೆಯುವುದು ಹೇಗೆ?

ಪ್ರಶ್ನೆ (ಶಾಸಕರ ಕಚೇರಿಗೆ ಹೊಸಬರು): ಎಲ್ಲರಿಗೂ ನಮಸ್ಕಾರ. ಮುಂದಿನ ಅಧಿವೇಶನಕ್ಕೆ ನಮ್ಮ ಶಾಸಕರ ಹೆಸರಿನಲ್ಲಿ ಶಾಲಾ ಕೊಠಡಿಗಳ ಬಗ್ಗೆ ಪ್ರಶ್ನೆ ಕೊಡಬೇಕಿದೆ. ಕರಡು ಹೀಗಿದೆ: "ರಾಜ್ಯದ ಸರ್ಕಾರಿ ಶಾಲೆಗಳ ಸ್ಥಿತಿ ಶೋಚನೀಯವಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?" ಇಷ್ಟು ಸಾಕೇ? ಚುಕ್ಕೆ ಗುರುತಿನ (ಮೌಖಿಕ ಉತ್ತರದ) ಪ್ರಶ್ನೆಯಾಗಿ ಕೊಡಲೋ, ಚುಕ್ಕೆ ರಹಿತವಾಗಿ (ಲಿಖಿತ ಉತ್ತರಕ್ಕೆ) ಕೊಡಲೋ?

ಉತ್ತರ (ಸದನ ಕಲಾಪದ ಸಹಾಯಕರು): ಈ ಕರಡಿಗೆ ಬರುವ ಉತ್ತರವನ್ನು ಇಂದೇ ಬರೆದಿಡಬಹುದು: "ಬಂದಿದೆ. ಅನುದಾನದ ಲಭ್ಯತೆಗನುಗುಣವಾಗಿ ಹಂತ ಹಂತವಾಗಿ ಅಗತ್ಯ ಕ್ರಮ ಕೈಗೊಳ್ಳಲಾಗುತ್ತಿದೆ." ಇದರಲ್ಲಿ ಸುಳ್ಳೂ ಇಲ್ಲ, ಮಾಹಿತಿಯೂ ಇಲ್ಲ. ಒಂದು ಅಧಿವೇಶನದ ಅವಕಾಶ ಅಷ್ಟಕ್ಕೇ ಮುಗಿದುಹೋಗುತ್ತದೆ.

"ಶೋಚನೀಯ" ಎಂಬ ಮಾತನ್ನು ಮೊದಲು ತೆಗೆಯಿರಿ. ಲೋಕಸಭೆಯ ನಿಯಮ 41 ಹೇಳುವಂತೆ ಪ್ರಶ್ನೆಯಲ್ಲಿ ವಾದ, ಊಹೆ, ವ್ಯಂಗ್ಯ, ಆರೋಪ ಇರಕೂಡದು. ಮಂತ್ರಿಯ ಅಭಿಪ್ರಾಯ ಕೇಳಕೂಡದು. ಸಾಮಾನ್ಯವಾಗಿ 150 ಪದ ಮೀರಕೂಡದು. ರಾಜ್ಯದ ಸದನಗಳ ನಿಯಮಗಳೂ ಇದೇ ಜಾಡಿನವು. ನಿಯಮದ ಮಾತು ಹಾಗಿರಲಿ, ವಿಶೇಷಣ ಹಾಕಿದರೆ ಇಲಾಖೆ ಆ ವಿಶೇಷಣಕ್ಕೇ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಹೀಗೆ ಬರೆದು ನೋಡಿ:

(ಅ) ಇಂಥ ದಿನಾಂಕದಲ್ಲಿದ್ದಂತೆ, ಇಂಥ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳಲ್ಲಿ ಶಿಥಿಲವೆಂದು ಇಂಜಿನಿಯರುಗಳು ವರದಿ ನೀಡಿರುವ ಕೊಠಡಿಗಳ ಸಂಖ್ಯೆ ಎಷ್ಟು. (ತಾಲ್ಲೂಕುವಾರು ವಿವರ ನೀಡುವುದು)

(ಆ) ಅವುಗಳಲ್ಲಿ ನೆಲಸಮಕ್ಕೆ ಆದೇಶವಾಗಿರುವುದೆಷ್ಟು, ನೆಲಸಮವಾಗಿರುವುದೆಷ್ಟು, ಈಗಲೂ ತರಗತಿ ನಡೆಯುತ್ತಿರುವುದೆಷ್ಟು;

(ಇ) ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ದುರಸ್ತಿ ಹಾಗೂ ಹೊಸ ಕೊಠಡಿಗಳಿಗೆ ಮಂಜೂರಾದ, ಬಿಡುಗಡೆಯಾದ ಮತ್ತು ವೆಚ್ಚವಾದ ಅನುದಾನವೆಷ್ಟು, (ವರ್ಷವಾರು, ಲೆಕ್ಕಶೀರ್ಷಿಕೆವಾರು)

(ಈ) ಉಳಿದ ಕಾಮಗಾರಿಗಳನ್ನು ಯಾವ ಕಾಲಮಿತಿಯಲ್ಲಿ ಪೂರ್ಣಗೊಳಿಸಲಾಗುವುದು?

ಇಡೀ ಪ್ರಶ್ನೆಯ ಜೀವ (ಇ) ಭಾಗದಲ್ಲಿದೆ. ಮಂಜೂರು, ಬಿಡುಗಡೆ, ವೆಚ್ಚ ಮೂರೂ ಬೇರೆಬೇರೆ ಅಂಕಿಗಳು. "ಅನುದಾನ ಎಷ್ಟು ನೀಡಲಾಗಿದೆ" ಎಂದು ಕೇಳಿದರೆ ಮೂರರಲ್ಲಿ ಅತಿ ದೊಡ್ಡದು, ಅಂದರೆ ಮಂಜೂರಾತಿ ಮೊತ್ತ, ಉತ್ತರದಲ್ಲಿ ಬಂದು ಕೂರುತ್ತದೆ. ಮೂರನ್ನೂ ಅಕ್ಕಪಕ್ಕದ ಕಾಲಂನಲ್ಲಿ ಕೇಳಿದರೆ ಹಣ ಎಲ್ಲಿ ನಿಂತಿದೆ ಎಂಬುದು ಯಾರ ವಿವರಣೆಯೂ ಇಲ್ಲದೆ ಕಾಣುತ್ತದೆ. ಬಿಡುಗಡೆಯೇ ಕಡಿಮೆಯಿದ್ದರೆ ಮುಂದಿನ ಪ್ರಶ್ನೆ ಹಣಕಾಸು ಇಲಾಖೆಗೆ ಹೋಗಬೇಕು. ಬಿಡುಗಡೆಯಾಗಿಯೂ ವೆಚ್ಚವಾಗದಿದ್ದರೆ ತೊಡಕು ಟೆಂಡರಿನಲ್ಲೋ ಗುತ್ತಿಗೆಯಲ್ಲೋ ಇದೆ.

(ಆ) ಭಾಗದ ಕೊನೆಯ ತುಂಡನ್ನೂ ಬಿಡಬೇಡಿ. ಶಿಥಿಲವೆಂದು ಬರೆದುಕೊಟ್ಟ ಸೂರಿನಡಿ ಮಕ್ಕಳು ಕೂತಿದ್ದಾರೆಯೇ ಎಂಬುದನ್ನು ಸರ್ಕಾರ ಲಿಖಿತವಾಗಿ ಹೇಳಬೇಕಾಗುತ್ತದೆ. ಈ ಪ್ರಶ್ನೆ ಕೇಳುತ್ತಿರುವುದೇ ಅದಕ್ಕಾಗಿ.

ಚುಕ್ಕೆಯ ವಿಷಯ: ಅಂಕಿಅಂಶದ ಪಟ್ಟಿ ಬೇಕಾದರೆ ಚುಕ್ಕೆ ರಹಿತವಾಗಿ ಕೊಡಿ, ಲಿಖಿತ ಉತ್ತರ ಅನುಬಂಧ ಸಮೇತ ಬರುತ್ತದೆ. ಮಂತ್ರಿಯನ್ನು ಎದುರಿಗೆ ನಿಲ್ಲಿಸಿ ಉಪಪ್ರಶ್ನೆ ಕೇಳಬೇಕಾದರೆ ಚುಕ್ಕೆ ಗುರುತು ಬೇಕು. ಅನುಭವಿಗಳು ಮಾಡುವುದು ಎರಡು ಹಂತದ ಕೆಲಸ. ಮೊದಲು ಚುಕ್ಕೆ ರಹಿತ ಪ್ರಶ್ನೆಯಿಂದ ಅಂಕಿ ಪಡೆಯುತ್ತಾರೆ, ಮುಂದಿನ ಅಧಿವೇಶನದಲ್ಲಿ ಅದೇ ಅಂಕಿ ಹಿಡಿದು ಚುಕ್ಕೆ ಗುರುತಿನ ಪ್ರಶ್ನೆ ಕೇಳುತ್ತಾರೆ.

ಸೇರ್ಪಡೆ (ಇಲಾಖೆಯಲ್ಲಿ ಉತ್ತರ ಸಿದ್ಧಪಡಿಸುವವರು): ಆ ಕಡೆಯಿಂದ ಎರಡು ಮಾತು. ಎಲ್‌ಎಕ್ಯೂ (ವಿಧಾನಸಭೆಯ ಪ್ರಶ್ನೆ) ಬಂದ ಕೂಡಲೇ ಕಾರ್ಯದರ್ಶಿ ಕಚೇರಿಯಿಂದ ಶಾಖೆಗೆ, ಅಲ್ಲಿಂದ ಆಯುಕ್ತರಿಗೆ, ಜಿಲ್ಲೆಯ ಉಪನಿರ್ದೇಶಕರಿಗೆ, ಕೊನೆಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಇಳಿಯುತ್ತದೆ. ಅದೇ ಹಾದಿಯಲ್ಲಿ ಮಾಹಿತಿ ಮೇಲೇರಬೇಕು. "ಇಡೀ ರಾಜ್ಯದ, ಕಳೆದ ಹತ್ತು ವರ್ಷಗಳ, ಶಾಲಾವಾರು" ಎಂದು ಕೇಳಿದರೆ ಗಡುವಿನೊಳಗೆ ಅದು ಒಟ್ಟಾಗುವುದಿಲ್ಲ. ಆಗ ಹೋಗುವ ಉತ್ತರ, "ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದ್ದು, ಮಾನ್ಯ ಸದಸ್ಯರಿಗೆ ಒದಗಿಸಲಾಗುವುದು." ಒಂದು ಜಿಲ್ಲೆ, ಮೂರು ವರ್ಷ ಎಂದರೆ ತಪ್ಪಿಸಿಕೊಳ್ಳಲು ಕಾರಣವೇ ಇರುವುದಿಲ್ಲ.

"ಇಲ್ಲಿಯವರೆಗೆ" ಎಂದು ಬರೆಯಬೇಡಿ. ಒಂದು ತಾಲ್ಲೂಕಿನವರು ಮಾರ್ಚ್ ಅಂತ್ಯದ ಲೆಕ್ಕ ಕೊಡುತ್ತಾರೆ, ಇನ್ನೊಂದು ತಾಲ್ಲೂಕಿನವರು ನಿನ್ನೆಯದು ಕೊಡುತ್ತಾರೆ, ಮೊತ್ತ ಕೂಡಿಬರುವುದಿಲ್ಲ. ಇಂಥ ದಿನಾಂಕದಲ್ಲಿದ್ದಂತೆ ಎಂದು ನಮೂದಿಸಿ. ಹಾಗೆಯೇ ಶಾಲೆ ಮತ್ತು ಅಂಗನವಾಡಿಯನ್ನು ಒಂದೇ ಪ್ರಶ್ನೆಯಲ್ಲಿ ಸೇರಿಸಬೇಡಿ. ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಪ್ರಶ್ನೆ ಇಲಾಖೆಯಿಂದ ಇಲಾಖೆಗೆ ವರ್ಗಾವಣೆಯಾಗುತ್ತಾ ನಿಮ್ಮ ದಿನ ತಪ್ಪಿಹೋಗುತ್ತದೆ.

ಪ್ರಶ್ನೆ: ಲೋಕಸಭೆಗೆ ಪ್ರಶ್ನೆ ಕಳಿಸುವಾಗಲೂ ಇದೇ ಕ್ರಮವೇ? ನಮ್ಮ ಸಂಸದರು ರಾಜ್ಯದ ಪೊಲೀಸ್ ಠಾಣೆಗಳ ಸಿಬ್ಬಂದಿ ಕೊರತೆ ಬಗ್ಗೆ ಕೇಳಬೇಕೆಂದಿದ್ದಾರೆ.

ಉತ್ತರ (ಸದನ ಕಲಾಪದ ಸಹಾಯಕರು): ಬರೆಯುವ ಕ್ರಮ ಅದೇ, ಗಡಿ ಬೇರೆ. ಸಂವಿಧಾನದ 7ನೇ ಅನುಸೂಚಿಯಲ್ಲಿ "ಪೊಲೀಸ್" ಮತ್ತು "ಸಾರ್ವಜನಿಕ ಸುವ್ಯವಸ್ಥೆ" ರಾಜ್ಯಪಟ್ಟಿಯಲ್ಲಿವೆ. ಹಾಗೆಯೇ ಕೇಳಿದರೆ ಅಂಗೀಕಾರವಾಗದೆ ಹೋಗಬಹುದು, ಅಂಗೀಕಾರವಾದರೂ "ಇದು ರಾಜ್ಯದ ವಿಷಯ" ಎಂಬ ಒಂದು ಸಾಲು ಬರುತ್ತದೆ. ಕೇಂದ್ರದ ಕೈ ಎಲ್ಲಿದೆಯೋ ಅಲ್ಲಿ ಹಿಡಿಯಿರಿ: ಪೊಲೀಸ್ ಆಧುನೀಕರಣಕ್ಕೆ ಕೇಂದ್ರ ಕೊಟ್ಟ ಹಣವೆಷ್ಟು, ರಾಜ್ಯದಿಂದ ಬಳಕೆ ಪ್ರಮಾಣಪತ್ರ ಬಂದಿದೆಯೇ, ಬಾಕಿ ಕಂತು ಯಾವುದು.

ಲೆಕ್ಕವೂ ತಿಳಿದಿರಲಿ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ, 230 ಚುಕ್ಕೆ ರಹಿತ ಪ್ರಶ್ನೆ. ರಾಜ್ಯಸಭೆಯಲ್ಲಿ 15 ಮತ್ತು 160. ಸದಸ್ಯರೊಬ್ಬರಿಗೆ ದಿನಕ್ಕೆ ಚುಕ್ಕೆ ಗುರುತಿನದು ಒಂದೇ. ಯಾರದು ಮೊದಲು ಎಂಬುದನ್ನು ಲಾಟರಿ ತೀರ್ಮಾನಿಸುತ್ತದೆ. ಸಚಿವಾಲಯಗಳನ್ನು ಗುಂಪು ಮಾಡಿ ವಾರದ ದಿನಗಳಿಗೆ ಹಂಚಿರುವುದರಿಂದ ದಿನ ತಪ್ಪಿದರೆ ಮತ್ತೊಂದು ವಾರ ಕಾಯಬೇಕು. ಸೂಚನೆಗೆ ಕನಿಷ್ಠ 15 ಪೂರ್ಣ ದಿನ ಬೇಕು; ಕೊಟ್ಟ ದಿನವನ್ನೂ ಉತ್ತರದ ದಿನವನ್ನೂ ಅದರಲ್ಲಿ ಎಣಿಸಬಾರದು. ವಿಧಾನಸಭೆ, ವಿಧಾನ ಪರಿಷತ್ತಿನ ದಿನಾಂಕಗಳಿಗೆ ಆಯಾ ಸದನದ ಸಚಿವಾಲಯ ಹೊರಡಿಸುವ ಲಘು ಪ್ರಕಟಣೆಯನ್ನೇ (ಬುಲೆಟಿನ್) ನೋಡಿ, ಹಿಂದಿನ ಅಧಿವೇಶನದ ಪಟ್ಟಿ ನಂಬಬೇಡಿ.

ಲೋಕಸಭೆಯ ಪ್ರಶ್ನೋತ್ತರ ವೇಳೆ ಬೆಳಿಗ್ಗೆ 11ರಿಂದ 12. ರಾಜ್ಯಸಭೆಯಲ್ಲಿ 2014ರಿಂದ ಮಧ್ಯಾಹ್ನ 12ರಿಂದ 1. ಆ ಒಂದು ಗಂಟೆಯಲ್ಲಿ ಪಟ್ಟಿಯ ಮೊದಲ ಕೆಲವು ಪ್ರಶ್ನೆಗಳಿಗಷ್ಟೇ ಮೌಖಿಕ ಉತ್ತರ ಸಿಗುತ್ತದೆ. ಉಳಿದವುಗಳ ಉತ್ತರ ಸದನದ ಮೇಜಿನ ಮೇಲೆ ಬರುತ್ತದೆ. ಗದ್ದಲದಲ್ಲಿ ಕಲಾಪ ಮುಂದೂಡಿದರೆ ಉಪಪ್ರಶ್ನೆಯ ಹಕ್ಕು ಆ ದಿನಕ್ಕೆ ಹೋಯಿತೆಂದೇ ಅರ್ಥ. ಸದನದ ಬಾವಿಗೆ (ಪೀಠದ ಮುಂದಿನ ಜಾಗಕ್ಕೆ) ಇಳಿಯುವ ಮೊದಲು ಯಾವ ಪಕ್ಷದವರೇ ಆಗಲಿ ಇದನ್ನು ಯೋಚಿಸಬೇಕು. ಗದ್ದಲದಿಂದ ಹೆಚ್ಚು ನಿರಾಳವಾಗುವುದು ಉತ್ತರ ಸಿದ್ಧವಿಲ್ಲದ ಮಂತ್ರಿಗೆ.

ಪ್ರಶ್ನೆ: ಸರ್, ನಮಗೆ ಅಂಕಿಅಂಶ ಬೇಡ, ಸರ್ಕಾರದ ನೀತಿಯೇ ತಪ್ಪು ಎಂಬುದು ನಮ್ಮ ವಾದ. ಅದನ್ನು ಪ್ರಶ್ನೆಯಾಗಿ ಕೇಳಲು ಆಗುವುದಿಲ್ಲವೇ?

ಉತ್ತರ (ಸದನ ಕಲಾಪದ ಸಹಾಯಕರು): ಒಂದು ಉತ್ತರದ ಮಿತಿಯೊಳಗೆ ಹಿಡಿಸದಷ್ಟು ದೊಡ್ಡ ನೀತಿಯ ವಿಚಾರವನ್ನು ಪ್ರಶ್ನೆಯಾಗಿ ಎತ್ತಬಾರದು ಎಂದು ಲೋಕಸಭೆಯ ನಿಯಮದಲ್ಲೇ ಇದೆ. ಆದರೆ ನೀತಿಯನ್ನು ಅದರ ಕೀಲುಗಳಲ್ಲಿ ಹಿಡಿಯಬಹುದು. ಫಲಾನುಭವಿಯ ಆಯ್ಕೆಗೆ ಮಾನದಂಡವೇನು, ಯಾವ ಆದೇಶದಲ್ಲಿದೆ, ಆದೇಶದ ದಿನಾಂಕವೇನು? ಬಂದ ಅರ್ಜಿಗಳೆಷ್ಟು, ತಿರಸ್ಕೃತವಾದವೆಷ್ಟು, ಕಾರಣವಾರು ವಿವರವೇನು? ಯೋಜನೆಯ ಮೌಲ್ಯಮಾಪನ ಆಗಿದೆಯೇ, ವರದಿಯನ್ನು ಸದನದ ಮುಂದಿಡಲಾಗುವುದೇ? ಕಾಯ್ದೆ ಜಾರಿಯಾಗಿದ್ದರೆ ನಿಯಮಾವಳಿ ರಚನೆಯಾಗಿದೆಯೇ? ಕೊನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಕಾಯ್ದೆ ಬಂದು ನಿಯಮಾವಳಿ ಬರದಿದ್ದರೆ ಅದರ ಅರ್ಧ ಭಾಗ ಕಾಗದದಲ್ಲೇ ಇರುತ್ತದೆ. ತಿರಸ್ಕೃತ ಅರ್ಜಿಗಳ ಕಾರಣವಾರು ಪಟ್ಟಿ ನೀತಿಯ ತಪ್ಪನ್ನು ನೀವು ವಾದಿಸುವುದಕ್ಕಿಂತ ಚೆನ್ನಾಗಿ ತೋರಿಸುತ್ತದೆ.

ಪೂರ್ಣ ಚರ್ಚೆಯೇ ಬೇಕೆಂದರೆ ಪ್ರಶ್ನೆಯನ್ನು ಬಿಟ್ಟು ಬೇರೆ ಬಾಗಿಲು ತಟ್ಟಿ. ನಮ್ಮ ವಿಧಾನಸಭೆಯಲ್ಲಿ ನಿಯಮ 69ರಡಿ ಸಾರ್ವಜನಿಕ ಮಹತ್ವದ ಚರ್ಚೆಗೆ, 73ರಡಿ ಗಮನ ಸೆಳೆಯುವ ಸೂಚನೆಗೆ ಅವಕಾಶವಿದೆ. ಬಂದ ಉತ್ತರವೇ ಅರೆಬರೆಯಾಗಿದ್ದರೆ ಅರ್ಧ ಗಂಟೆ ಚರ್ಚೆ ಕೇಳಿ. ಲೋಕಸಭೆಯಲ್ಲಿ ಇದಕ್ಕೆ ನಿಯಮ 55, ಮೂರು ದಿನ ಮೊದಲು ಸೂಚನೆ ಕೊಡಬೇಕು, ಸೋಮವಾರ, ಬುಧವಾರ, ಶುಕ್ರವಾರ ಕಲಾಪದ ಕೊನೆಯ ಅರ್ಧ ಗಂಟೆ ಅದಕ್ಕೆ ಮೀಸಲು. ಮತಕ್ಕೆ ಹಾಕುವುದಿಲ್ಲ.

ಸಣ್ಣ ಪ್ರಶ್ನೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 1957 ನೋಡಿ. ಜೀವ ವಿಮಾ ನಿಗಮ ಉದ್ಯಮಿ ಹರಿದಾಸ್ ಮುಂದ್ರಾ ಅವರ ಕಂಪನಿಗಳ ಷೇರು ಕೊಂಡದ್ದರ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನೆಗಳು ಬಂದವು. ಸಂಸದ ಫಿರೋಜ್ ಗಾಂಧಿ ಡಿಸೆಂಬರಿನಲ್ಲಿ ಅದನ್ನು ಬಿಡದೆ ಹಿಡಿದರು. ನ್ಯಾಯಮೂರ್ತಿ ಎಂ.ಸಿ. ಚಾಗ್ಲಾ ಅವರ ತನಿಖೆ ನಡೆಯಿತು, 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಫಿರೋಜ್ ಗಾಂಧಿ ಆಡಳಿತ ಪಕ್ಷದವರೇ ಆಗಿದ್ದರು ಎಂಬುದನ್ನು ಇಂದಿನ ಶಾಸಕರು ನೆನಪಿಡಬೇಕು.

ಪ್ರಶ್ನೆ: ಉಪಪ್ರಶ್ನೆ ಕೇಳುವಾಗ ನಮ್ಮವರು ಪ್ರತಿ ಸಲ ಎಡವುತ್ತಾರೆ. ಮಂತ್ರಿಗಳು ಸುತ್ತಿಬಳಸಿ ಮಾತಾಡಿ ಕೂತುಬಿಡುತ್ತಾರೆ. ಏನು ಸಿದ್ಧತೆ ಬೇಕು?

ಉತ್ತರ (ಸದನ ಕಲಾಪದ ಸಹಾಯಕರು): ಒಂದೇ ಉಪಪ್ರಶ್ನೆಯಲ್ಲಿ ಮೂರು ಕೇಳಿದರೆ ಮಂತ್ರಿಗಳು ಸುಲಭವಾದದ್ದನ್ನು ಆರಿಸಿಕೊಳ್ಳುತ್ತಾರೆ. ಪೀಠಿಕೆ ಎರಡು ವಾಕ್ಯ ದಾಟಿದರೆ ಸಭಾಧ್ಯಕ್ಷರು "ಪ್ರಶ್ನೆ ಕೇಳಿ" ಎನ್ನುತ್ತಾರೆ, ಅಲ್ಲಿಗೆ ಓಟ ನಿಲ್ಲುತ್ತದೆ. ಉಪಪ್ರಶ್ನೆ ಮೂಲ ಉತ್ತರದಿಂದಲೇ ಹುಟ್ಟಬೇಕು. ಹೊಸ ವಿಷಯ ತಂದರೆ "ಪ್ರತ್ಯೇಕ ಪ್ರಶ್ನೆ ಕೊಡಲಿ" ಎಂದು ಮಂತ್ರಿ ಹೇಳಬಹುದು, ಅವರ ಮಾತು ಸರಿಯೇ.

ಲೋಕಸಭೆಯಲ್ಲಿ ಪ್ರಶ್ನೆ ಕೊಟ್ಟವರಿಗೆ ಸಿಗುವುದು ಎರಡು ಉಪಪ್ರಶ್ನೆ. ಉತ್ತರದ ಪ್ರತಿ ಕೈಗೆ ಬಂದ ತಕ್ಷಣ ಅದರಲ್ಲಿ ಒಂದಕ್ಕೊಂದು ಹೊಂದದ ಎರಡು ಸಾಲು ಹುಡುಕಿ. ಮೊದಲನೆಯದು ಹೌದು ಅಥವಾ ಇಲ್ಲ ಎಂದಷ್ಟೇ ಹೇಳಬಹುದಾದ ಪ್ರಶ್ನೆಯಾಗಿರಲಿ: "ಅನುಬಂಧದ ಪ್ರಕಾರ ಇಂಥ ತಾಲ್ಲೂಕಿಗೆ ಬಿಡುಗಡೆ ಶೂನ್ಯ. ಇದು ಸರಿಯೇ?" ಎರಡನೆಯದು ದಿನಾಂಕ ಕೇಳಲಿ: "ಯಾವ ತಿಂಗಳೊಳಗೆ ಬಿಡುಗಡೆಯಾಗುತ್ತದೆ?" ಮಂತ್ರಿಗಳ ಹಿಂದೆ ಅಧಿಕಾರಿಗಳು ಬರೆದುಕೊಟ್ಟ ದಪ್ಪ ಟಿಪ್ಪಣಿ ಇರುತ್ತದೆ, ಸಾಮಾನ್ಯ ಟೀಕೆಗೆಲ್ಲ ಅದರಲ್ಲಿ ಉತ್ತರವಿದೆ. ಒಂದು ಸಾಲಿನ ನೇರ ಪ್ರಶ್ನೆಗೆ ಆ ಟಿಪ್ಪಣಿ ತಿರುವುವಷ್ಟು ಸಮಯ ಇರುವುದಿಲ್ಲ.

ಪ್ರಶ್ನೆ: "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಬಂದರೆ ಏನು ಮಾಡುವುದು? ಮೂರು ಅಧಿವೇಶನದಿಂದ ಅದೇ ಬರುತ್ತಿದೆ.

ಉತ್ತರ (ಇಲಾಖೆಯಲ್ಲಿ ಉತ್ತರ ಸಿದ್ಧಪಡಿಸುವವರು): ಅದನ್ನು ನಿರಾಶೆಯಿಂದ ಮಡಿಚಿಡಬೇಡಿ ಮೇಡಂ. ಸದನದಲ್ಲಿ ಹೇಳಿದ "ಪರಿಶೀಲಿಸಲಾಗುವುದು", "ಮಾಹಿತಿ ಒದಗಿಸಲಾಗುವುದು", "ಕ್ರಮ ಕೈಗೊಳ್ಳಲಾಗುವುದು" ಎಂಬಂಥ ಮಾತುಗಳು ಭರವಸೆಯಾಗಿ ದಾಖಲಾಗಬಲ್ಲವು. ಸರ್ಕಾರಿ ಭರವಸೆಗಳ ಸಮಿತಿ ಇರುವುದು ಅವುಗಳನ್ನು ಬೆನ್ನಟ್ಟಲು. ಲೋಕಸಭೆಯಲ್ಲಿ ಈ ಸಮಿತಿ 1953ರಿಂದ ಇದೆ, 15 ಸದಸ್ಯರು, ಮಂತ್ರಿಗಳು ಸದಸ್ಯರಾಗುವಂತಿಲ್ಲ. ಅಲ್ಲಿ ಭರವಸೆ ಈಡೇರಿಸಲು ಮೂರು ತಿಂಗಳ ಅವಧಿ. ಆಗದಿದ್ದರೆ ಸಚಿವಾಲಯ ಸಮಿತಿಯಿಂದ ಕಾಲಾವಕಾಶ ಕೇಳಿ ಪಡೆಯಬೇಕು. ಶಾಸಕರು ರಾಜ್ಯದ ಸಮಿತಿಗೆ ಪತ್ರ ಬರೆದು, ಪ್ರಶ್ನೆ ಸಂಖ್ಯೆ, ಉತ್ತರದ ದಿನಾಂಕ, ಭರವಸೆಯ ಸಾಲು, ಮೂರನ್ನೂ ನಮೂದಿಸಲಿ. ಸಮಿತಿ ಕರೆದಾಗ ಉತ್ತರಿಸಬೇಕಾದದ್ದು ಇಲಾಖೆಯ ಕಾರ್ಯದರ್ಶಿ. ನಮ್ಮ ಕಡೆ ಕಡತ ನಿಜವಾಗಿ ಅಲುಗಾಡುವುದು ಆಗಲೇ.

ಮುಂದಿನ ಪ್ರಶ್ನೆಯನ್ನೂ ಬದಲಿಸಿ. "ಯಾವಾಗ ಆಗುತ್ತದೆ" ಎನ್ನುವ ಬದಲು "ಪ್ರಸ್ತಾವನೆ ಯಾವ ದಿನಾಂಕದಂದು ಸ್ವೀಕೃತವಾಗಿದೆ, ಪ್ರಸ್ತುತ ಯಾವ ಹಂತದಲ್ಲಿದೆ, ಆರ್ಥಿಕ ಇಲಾಖೆಯ ಸಹಮತಿ ಕೋರಲಾಗಿದೆಯೇ" ಎಂದು ಕೇಳಿ. "ಪರಿಶೀಲನೆಯಲ್ಲಿದೆ" ಎಂಬುದನ್ನು ಈ ಮೂರಕ್ಕೆ ಉತ್ತರವಾಗಿ ಬರೆಯಲು ಬರುವುದಿಲ್ಲ.

ಪ್ರಶ್ನೆ: ಮಂತ್ರಿ ಕೊಟ್ಟ ಅಂಕಿ ತಪ್ಪೆಂದು ನಮ್ಮ ಬಳಿ ದಾಖಲೆಯಿದೆ. ಹಕ್ಕುಚ್ಯುತಿ (ಸದನದ ವಿಶೇಷ ಹಕ್ಕಿಗೆ ಭಂಗ ತಂದ ಆರೋಪ) ಮಂಡಿಸಬಹುದೇ?

ಉತ್ತರ (ಸದನ ಕಲಾಪದ ಸಹಾಯಕರು): ಅವಸರ ಬೇಡ. ಉತ್ತರ ತಪ್ಪಾದ ಮಾತ್ರಕ್ಕೆ ಹಕ್ಕುಚ್ಯುತಿ ಆಗದು, ತಿಳಿದೂ ತಿಳಿದೂ ಸದನವನ್ನು ದಾರಿ ತಪ್ಪಿಸಿದ್ದಾರೆಂದು ತೋರಿಸಬೇಕು. ಅದು ಕಷ್ಟ, ಅದರಲ್ಲಿ ಸೋತರೆ ತಪ್ಪು ಅಂಕಿಯೇ ಗಟ್ಟಿಯಾಗಿ ಉಳಿಯುತ್ತದೆ. ಲೋಕಸಭೆಯಲ್ಲಿ ಸ್ಪೀಕರ್ ಅವರ ನಿರ್ದೇಶನ 115ರಡಿ ಸದಸ್ಯರು ತಪ್ಪನ್ನು ಲಿಖಿತವಾಗಿ ಸ್ಪೀಕರ್ ಗಮನಕ್ಕೆ ತರಬಹುದು. ರಾಜ್ಯದಲ್ಲೂ ದಾಖಲೆಯ ಪ್ರತಿ ಸಮೇತ ಸಭಾಧ್ಯಕ್ಷರಿಗೆ, ಪರಿಷತ್ತಾದರೆ ಸಭಾಪತಿಗೆ ಪತ್ರ ಕೊಟ್ಟು ತಿದ್ದುಪಡಿ ಉತ್ತರ ಕೇಳುವುದೇ ಮೊದಲ ಹೆಜ್ಜೆ. ಎರಡೂ ದಾಖಲೆಗಳ ದಿನಾಂಕ ಒಂದೇಯೇ ಎಂದು ಅದಕ್ಕೂ ಮೊದಲು ನೋಡಿಕೊಳ್ಳಿ. ಅಂಕಿ ಬೇರೆಯಾಗಲು ದಿನಾಂಕದ ಅಂತರವೇ ಕಾರಣವಾಗಿರುವುದು ತೀರಾ ಸಾಮಾನ್ಯ.

ಪ್ರಶ್ನೆ: ನಾನು ಯಾವ ಶಾಸಕರ ಕಚೇರಿಯವನೂ ಅಲ್ಲ, ನಮ್ಮೂರಿನ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸದಸ್ಯ. ನಮ್ಮ ಶಾಲೆಯ ವಿಷಯವನ್ನು ಪ್ರಶ್ನೆ ಮಾಡಿಸಬಹುದೇ?

ಉತ್ತರ (ಸದನ ಕಲಾಪದ ಸಹಾಯಕರು): ಖಂಡಿತ ಮಾಡಿಸಬಹುದು. ನಿಮ್ಮ ಕ್ಷೇತ್ರದ ಶಾಸಕರು ಮಂತ್ರಿಯಾಗಿದ್ದರೆ ಅವರು ಪ್ರಶ್ನೆ ಕೇಳುವುದಿಲ್ಲ. ಆಗ ಶಿಕ್ಷಕರ ಅಥವಾ ಪದವೀಧರರ ಕ್ಷೇತ್ರದ ಪರಿಷತ್ ಸದಸ್ಯರನ್ನು ಕಾಣಿ, ಶಾಲೆಯ ವಿಷಯ ಅವರಿಗೆ ಹತ್ತಿರದ್ದು. ಅಧಿವೇಶನದ ದಿನಾಂಕ ಪ್ರಕಟವಾದ ವಾರದಲ್ಲೇ ಹೋಗಿ. ಒಂದೇ ಪುಟ ಸಾಕು: ಮೇಲೆ ಕೊಟ್ಟ ಮಾದರಿಯ ಪ್ರಶ್ನೆ, ಅದರ ಕೆಳಗೆ ಇಂಜಿನಿಯರ್ ವರದಿಯ ಸಂಖ್ಯೆ ಮತ್ತು ದಿನಾಂಕ, ಬಿಇಒಗೆ ನೀವು ಬರೆದ ಪತ್ರದ ಪ್ರತಿ. ಒಂದು ಶಾಲೆಯನ್ನಷ್ಟೇ ಕೇಳಿದರೆ ಸಣ್ಣ ವಿಷಯವೆಂದು ಬಿದ್ದುಹೋಗಬಹುದು. ತಾಲ್ಲೂಕಿನ ಎಲ್ಲ ಶಾಲೆಗಳನ್ನು ಕೇಳಿ, ಪಟ್ಟಿಯಲ್ಲಿ ನಿಮ್ಮ ಶಾಲೆಯ ಹೆಸರೂ ಬರುತ್ತದೆ. ಇದಕ್ಕೆ ಯಾರಿಗೂ ಒಂದು ರೂಪಾಯಿ ಕೊಡಬೇಕಾಗಿಲ್ಲ, ಕೊಡಲೂ ಬಾರದು. ಪ್ರಶ್ನೆ ಕೇಳಲು ಹಣ ಪಡೆದ ಪ್ರಕರಣದಲ್ಲಿ 2005ರ ಡಿಸೆಂಬರಿನಲ್ಲಿ 11 ಸಂಸದರು, ಲೋಕಸಭೆಯ 10 ಮತ್ತು ರಾಜ್ಯಸಭೆಯ ಒಬ್ಬರು, ಸದಸ್ಯತ್ವವನ್ನೇ ಕಳೆದುಕೊಂಡರು.

ಉತ್ತರ ಬಂದ ಮೇಲೆ ಅದರ ಪ್ರತಿಯನ್ನು ಶಾಸಕರ ಕಚೇರಿಯಿಂದ ಕೇಳಿ ಪಡೆಯಿರಿ, ಪ್ರಶ್ನೆಯ ಸಂಖ್ಯೆ ಬರೆದಿಟ್ಟುಕೊಳ್ಳಿ. ಬಿಇಒ ಕಚೇರಿಗೆ ಮುಂದೆ ಬರೆಯುವ ಪ್ರತಿ ಪತ್ರದಲ್ಲೂ ಅದನ್ನೇ ಉಲ್ಲೇಖವಾಗಿ ಹಾಕಿ.