ಮನೆಯಲ್ಲಿರೋ ಉಡುಗೊರೆ ಕತ್ತಿಗೆ ಪಾಲಿಷ್ ಹಾಕಿಸಬಹುದಾ? ಗೊತ್ತಿದ್ದವರು ಹೇಳಿ

ಪ್ರಶ್ನೆ, ಮೈಸೂರಿನಿಂದ:
ನಮ್ಮ ಮುತ್ತಜ್ಜ ಮಹಾರಾಜರ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಆಫೀಸರ್ ಆಗಿದ್ದರು. ರಿಟೈರ್ ಆದಾಗ ಜೊತೆಯವರೆಲ್ಲ ಸೇರಿ ಒಂದು ಕತ್ತಿ ಕೊಟ್ಟಿದ್ದಾರೆ. ಅಲಗಿನ ಮೇಲೆ ಇಂಗ್ಲಿಷಿನಲ್ಲಿ ಅವರ ಹೆಸರು, ಸುತ್ತ ಬಳ್ಳಿ ಚಿತ್ತಾರ. ಈಗ ಅಲ್ಲಲ್ಲಿ ತುಕ್ಕು ಹಿಡಿದಿದೆ. ಪಾತ್ರೆ ಪಾಲಿಷ್ ಅಂಗಡಿಯಲ್ಲಿ ಬಫಿಂಗ್ ಮಾಡಿಸೋಣ ಅಂತಾರೆ ಭಾವ. ಅಮೆರಿಕದಲ್ಲಿರುವ ದೊಡ್ಡಪ್ಪನ ಮಗ ಕತ್ತಿ ತನಗೆ ಬೇಕು ಅಂತಾನೆ. ಲೈಸೆನ್ಸ್ ಬೇಕಾ? ಬೆಲೆ ಎಷ್ಟಿರಬಹುದು?

ಬೆಂಗಳೂರಿನಿಂದ:
ಮೊದಲು ಭಾವನವರನ್ನು ತಡೀರಿ! ಆ ಹೆಸರು, ಬಳ್ಳಿ ಎಲ್ಲ ಸಾಮಾನ್ಯವಾಗಿ ಉಳಿಯಿಂದ ಕೆತ್ತಿದ್ದಲ್ಲ. ಅಲಗಿಗೆ ಮೇಣದಂಥದ್ದು ಬಳಿದು, ಬೇಕಾದ ಕಡೆ ಮಾತ್ರ ಗೀರಿ, ಆಸಿಡ್‌ನಿಂದ ತಿನ್ನಿಸಿರುತ್ತಾರೆ. ಅದರ ಆಳ ಕೂದಲೆಳೆಯಷ್ಟೂ ಇರೋದಿಲ್ಲ. ಬಫಿಂಗ್ ಚಕ್ರ ಒಂದು ಸುತ್ತು ಹೊಡೆದರೆ ಅಕ್ಷರದ ಅಂಚು ಹೋಯಿತು. ಆಮೇಲೆ ಮುತ್ತಜ್ಜನ ಹೆಸರು ಬರಿಗಣ್ಣಿಗೆ ಕಾಣಲ್ಲ.

ಉಜ್ಜಿದರೆ ಏನಾಗುತ್ತೆ ಅನ್ನೋದಕ್ಕೆ ಒಂದು ಉದಾಹರಣೆ: ಇಂಗ್ಲೆಂಡಿನಲ್ಲಿ ಲಾಯ್ಡ್ಸ್ ಪೇಟ್ರಿಯಾಟಿಕ್ ಫಂಡ್ ಅನ್ನೋ ಸಂಸ್ಥೆ 1803ರಿಂದ ಕೆಲವು ವರ್ಷ ನೌಕಾಪಡೆಯ ಆಫೀಸರ್‌ಗಳಿಗೆ ಉಡುಗೊರೆ ಕತ್ತಿ ಕೊಡುತ್ತಿತ್ತು. 30, 50, 100 ಪೌಂಡಿನ ಮೂರು ದರ್ಜೆ. ಕ್ಯಾಪ್ಟನ್‌ಗೆ 100ರದ್ದು, ಲೆಫ್ಟಿನೆಂಟ್‌ಗೆ 50ರದ್ದು. ಅಲಗಿಗೆ ನೀಲಿ ಬಣ್ಣ, ಅದರ ಮೇಲೆ ಚಿನ್ನದ ಬರಹ. ಆ ನೀಲಿ ಅನ್ನೋದು ಉಕ್ಕನ್ನು ಬಿಸಿ ಮಾಡಿದಾಗ ಮೇಲೆ ಕೂರುವ ತೆಳು ಪೊರೆ, ಅಷ್ಟೆ. ಫಳಫಳ ಹೊಳೀಲಿ ಅಂತ ಹಿಂದಿನವರು ಉಜ್ಜಿ ಉಜ್ಜಿ ಎಷ್ಟೋ ಕತ್ತಿಗಳ ನೀಲಿಯನ್ನೇ ಕಳೆದಿದ್ದಾರೆ. ಈಗ ನೀಲಿ ಉಳಿದಿರುವ ಕತ್ತಿಗೇ ಬೆಲೆ.

ತುಕ್ಕಿಗೆ ಹೊಲಿಗೆ ಮೆಷಿನ್ ಎಣ್ಣೆ ಒಂದೆರಡು ಹನಿ ಬಿಟ್ಟು ಒಂದು ದಿನ ಹಾಗೇ ಬಿಡಿ. ಮಾರನೇ ದಿನ ಹಳೇ ಬನಿಯನ್ ಬಟ್ಟೆಯಿಂದ ಒರೆಸಿ. ಕೆಂಪು ಪುಡಿ ಬಂದಷ್ಟು ಬರಲಿ, ಕಪ್ಪು ಕಲೆ ಉಳಿದರೆ ಉಳೀಲಿ. ಹುಣಸೆಹಣ್ಣು, ಬೂದಿ, ಉಪ್ಪುಕಾಗದ ಯಾವುದೂ ಬೇಡ. ಕೊಬ್ಬರಿ ಎಣ್ಣೆಯೂ ಬೇಡ, ಅಂಟು ಕಟ್ಟುತ್ತೆ. ಕೊನೆಗೆ ಮ್ಯೂಸಿಯಂನವರು ಬಳಸುವ ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸ್ ತೆಳುವಾಗಿ ಸವರಿ. ಬರಿಗೈಯಲ್ಲಿ ಅಲಗು ಮುಟ್ಟಬೇಡಿ. ಬೆರಳಿನ ಬೆವರಿಗೇ ತುಕ್ಕು ಶುರುವಾಗುತ್ತೆ.

ಮಡಿಕೇರಿಯಿಂದ:
ಒರೆ ಚರ್ಮದ್ದಾದರೆ ಕತ್ತಿಯನ್ನು ಅದರೊಳಗೇ ಇಡಬೇಡಿ ಅಣ್ಣಾ. ನಮ್ಮ ಕಡೆ ಮಳೆಗಾಲದಲ್ಲಿ ಚರ್ಮ ತೇವ ಎಳೆದುಕೊಂಡು ಕೂತುಬಿಡುತ್ತೆ. ಎರಡನ್ನೂ ಬೇರೆ ಬೇರೆ ಬಟ್ಟೆ ಸುತ್ತಿ ಇಡಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ.

ಇನ್ನೊಂದು ಮಾತು, ಯಾರೂ ಬೇಜಾರು ಮಾಡ್ಕೋಬೇಡಿ. ಆಯುಧ ಪೂಜೆ ದಿನ ಕತ್ತಿ ತುದಿಗೆ ನಿಂಬೆಹಣ್ಣು ಚುಚ್ಚಿ, ಅಲಗಿಗೆ ಒದ್ದೆ ಅರಿಶಿನ ಕುಂಕುಮ ಬಳೀತಾರಲ್ವಾ? ನಮ್ಮ ನೆಂಟರೊಬ್ಬರ ಮನೆ ಕತ್ತಿ ತುದಿಯಲ್ಲಿ ನಿಂಬೆರಸ ಇಳಿದ ಜಾಗ ಬೂದು ಬಣ್ಣಕ್ಕೆ ತಿರುಗಿ ಗುಳಿ ಬಿದ್ದಿದೆ. ಪೂಜೆ ಮಾಡಿ, ಆದರೆ ಕುಂಕುಮ ಹಿಡಿಗೆ ಕಟ್ಟಿದ ದಾರಕ್ಕಿರಲಿ. ನಾವು ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿ ಕತ್ತಿ ಇಟ್ಟು ತೋಕ್ ಪೂ (ಕೋವಿ ಹೂ) ಮುಡಿಸ್ತೀವಿ. ಹೂವಿನಿಂದ ಕಬ್ಬಿಣಕ್ಕೆ ಅಂಥ ತೊಂದರೆ ಇಲ್ಲ.

ಹುಬ್ಬಳ್ಳಿಯಿಂದ, ವಕೀಲರು:
ಕಾನೂನಿನ ಪ್ರಶ್ನೆಗೆ ಉತ್ತರ. 1959ರ ಆಯುಧ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಕತ್ತಿಗೆ ಲೈಸೆನ್ಸ್ ಬೇಕಾಗೋದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶದಲ್ಲಿ ಮಾತ್ರ. ನಿಮ್ಮ ಜಾಗದ ಬಗ್ಗೆ ಡಿಸಿ ಆಫೀಸಿನಲ್ಲಿ ಒಂದು ಸಲ ಕೇಳಿ ಖಾತ್ರಿ ಮಾಡಿಕೊಳ್ಳಿ. ಮನೆಯಲ್ಲಿರೋದು ಬೇರೆ, ಮೆರವಣಿಗೆಯಲ್ಲಿ ಝಳಪಿಸೋದು ಬೇರೆ.

ಅಮೆರಿಕದ ವಿಷಯ ಜಾಸ್ತಿ ಸೂಕ್ಷ್ಮ. ನೂರು ವರ್ಷ ಆಗಿದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರುತ್ತೆ. ಖಾಸಗಿಯವರು ಅಂಥ ವಸ್ತುವನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಸೂಟ್‌ಕೇಸಿನಲ್ಲಿಟ್ಟರೆ ಕಸ್ಟಮ್ಸ್‌ನವರು ಹಿಡೀತಾರೆ. ನೂರು ಆಗಿಲ್ಲ ಅನ್ನೋದಾದರೆ ಪುರಾತತ್ವ ಇಲಾಖೆಯಿಂದ ಹಾಗಂತ ಸರ್ಟಿಫಿಕೇಟ್ ತಗೊಂಡೇ ಹೊರಡಲಿ. ಹಾಗಾಗಿ ಮೊದಲು ಕತ್ತಿಯ ವಯಸ್ಸು ತಿಳಿಯಿರಿ.

ಮತ್ತೆ ಬೆಂಗಳೂರಿನಿಂದ:
ವಯಸ್ಸಿಗೆ ಸುಲಭ ದಾರಿ ಇದೆ. ಅಲಗಿನ ಮೇಲೆ ಬ್ರಿಟಿಷ್ ರಾಜ ರಾಣಿಯರ ಹೆಸರಿನ ಅಕ್ಷರ ಇದ್ದರೆ ನೋಡಿ: ವಿ.ಆರ್. (ವಿಕ್ಟೋರಿಯಾ ರಾಣಿ) ಅಂದರೆ 1901ರ ಒಳಗೆ, ಜಿ.ಆರ್. (ಜಾರ್ಜ್ ರಾಜ) ಜೊತೆ ರೋಮನ್ ಅಂಕಿ V, ಅಂದರೆ 5, ಇದ್ದರೆ 1910ರಿಂದ 1936. ಇಂಗ್ಲೆಂಡಿನ ವಿಲ್ಕಿನ್ಸನ್ ಕಂಪನಿ ಕತ್ತಿಯಾದರೆ ಅಲಗಿನ ಬೆನ್ನಿನ ಮೇಲೆ, ಹಿಡಿಯ ಹತ್ತಿರ ನಂಬರ್ ಇರುತ್ತೆ. 1854ರಿಂದ ಅವರು ನಂಬರ್ ಹಾಕಿದ್ದಾರೆ. ಆ ರಿಜಿಸ್ಟರ್‌ಗಳು ಉಳಿದಿವೆ, ಕತ್ತಿ ಯಾವ ವರ್ಷದ್ದು ಅಂತ ಸಿಗುತ್ತೆ.

ಬೆಲೆ ಕೇಳಿದಿರಿ. ಫೋಟೋ ನೋಡದೆ ಯಾರಾದರೂ ಅಂಕಿ ಹೇಳಿದರೆ ನಂಬಬೇಡಿ. ಉಡುಗೊರೆ ಕತ್ತಿಯ ಬೆಲೆ ಲೋಹದ್ದಲ್ಲ, ಯಾರು ಯಾರಿಗೆ ಯಾಕೆ ಕೊಟ್ಟರು ಅನ್ನೋದರದ್ದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಲಗುವ ಕೋಣೆಯ ಕತ್ತಿಯನ್ನು ಬ್ರಿಟಿಷ್ ಸೈನ್ಯ ಮೇಜರ್ ಜನರಲ್ ಬೇರ್ಡ್‌ಗೆ ಕೊಟ್ಟಿತು. ಇದೇ ಬೇರ್ಡ್ ಅದಕ್ಕೂ ಮುಂಚೆ ಅದೇ ಕೋಟೆಯಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವನು! 2023ರ ಮೇನಲ್ಲಿ ಲಂಡನ್ ಹರಾಜಿನಲ್ಲಿ ಅದು 1 ಕೋಟಿ 40 ಲಕ್ಷ ಪೌಂಡ್‌ಗೆ ಹೋಯಿತು. ನಿಮ್ಮದಕ್ಕೆ ಅಷ್ಟು ಬರುತ್ತೆ ಅಂತಲ್ಲ. ಆದರೆ ಮುತ್ತಜ್ಜ 1918ರ ಸೆಪ್ಟೆಂಬರ್ 23ರಂದು, ಮೊದಲ ಮಹಾಯುದ್ಧದಲ್ಲಿ ಮೈಸೂರು ಲ್ಯಾನ್ಸರ್ಸ್ ಹೋರಾಡಿದ ಹೈಫಾದಲ್ಲಿ (ಈಗಿನ ಇಸ್ರೇಲ್) ಇದ್ದವರಾಗಿದ್ದರೆ ಆ ಕಾಗದಪತ್ರ, ಮೆಡಲ್, ಫೋಟೋ ಎಲ್ಲ ಕತ್ತಿಯ ಜೊತೆಗೇ ಇರಲಿ. ಅಣ್ಣತಮ್ಮಂದಿರು ಒಂದೊಂದು ಹಂಚಿಕೊಂಡರೆ ಯಾವುದಕ್ಕೂ ಬೆಲೆ ಉಳಿಯಲ್ಲ.

ಮೈಸೂರಿನಿಂದ:
ತುಂಬಾ ಥ್ಯಾಂಕ್ಸ್. ಬೆನ್ನಿನ ಮೇಲೆ ನಂಬರ್ ಇದೆ! ಐದು ಅಂಕಿ, ಕೊನೆಯದು ತುಕ್ಕಿನಲ್ಲಿ ಮುಚ್ಚಿದೆ. ಕೆರೆದು ನೋಡಲಾ?

ಬೆಂಗಳೂರಿನಿಂದ:
ಕೆರೀಬೇಡಿ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ, ಅಲಗಿಗೆ ಸಮವಾಗಿ ಹಿಡಿದು ಫೋಟೋ ತೆಗೀರಿ. ಅಂಕಿಯ ನೆರಳು ಬೀಳುತ್ತೆ. ಆಗಲೂ ಕಾಣದಿದ್ದರೆ ತೆಳು ಕಾಗದ ಇಟ್ಟು ಪೆನ್ಸಿಲ್ ಮೆಲ್ಲಗೆ ಆಡಿಸಿ.